ಮನೆಯಲ್ಲಿ ಯಾವ ಭಾಷೆ

ಸೋನುಬಾಯಿ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದಳು. ಜಗಳವಲ್ಲ, ಮುನಿಸೂ ಅಲ್ಲ. ಬೆಳಿಗ್ಗೆ ಮಯೂರಿಯ ಮುಖ ತೊಳೆಸುವವಳು ಅವಳೇ, ಜಡೆ ಹಾಕುವವಳು ಅವಳೇ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಉಣಿಸುವವಳೂ ಅವಳೇ. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮೂರೂವರೆ ವರ್ಷದ ಮಯೂರಿ ತುತ್ತನ್ನು ಒಂದು ಕೆನ್ನೆಯಲ್ಲಿ ಇಟ್ಟುಕೊಂಡು ಅಜ್ಜಿಯ ತುಟಿಗಳನ್ನೇ ನೋಡುತ್ತಿದ್ದಳು. ಅಲ್ಲಿ ಏನೂ ಆಗದಿದ್ದಾಗ ಸುಮ್ಮನೆ ನುಂಗುತ್ತಿದ್ದಳು.

ಆಮ್ರಪಾಲಿ ಇದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆಯ ಬಾಯಿ ಕಟ್ಟಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಮಗುವಿನ ಒಳ್ಳೆಯದಕ್ಕೇ ಕಟ್ಟಿದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಆ ಮೌನದ ಊಟ ಕಣ್ಣಿಗೆ ಬಿದ್ದಾಗಲೆಲ್ಲ ಎಲ್ಲೋ ಲೆಕ್ಕ ತಪ್ಪಿದಂತೆ ಅನ್ನಿಸುತ್ತಿತ್ತು. ಎಲ್ಲಿ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮಯೂರಿಯ ಕಿವಿಯ ವಿಷಯ ಗೊತ್ತಾದದ್ದು ಹಿಂದಿನ ವರ್ಷದ ಭೀಮ ಜಯಂತಿಯ ಮೆರವಣಿಗೆಯಲ್ಲಿ. ಬಸವಕಲ್ಯಾಣದ ಆ ಓಣಿಯ ಕಿಟಕಿಗಳೆಲ್ಲ ನಡುಗುವಂತೆ ಡಿಜೆ ಬಡಿಯುತ್ತಿತ್ತು. ಸ್ಪೀಕರುಗಳನ್ನು ಹೇರಿದ ಟ್ರ್ಯಾಕ್ಟರಿನ ಪಕ್ಕದಲ್ಲೇ ಸಂಘರತ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು ಕುಣಿಯುತ್ತಿದ್ದ. ಮಗಳು ಅವನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ನಿದ್ದೆ ಹೋಗಿದ್ದಳು. ನೋಡಿದವರೆಲ್ಲ ನಕ್ಕರು. ಎದೆ ಗಟ್ಟಿ ಇರುವ ಹುಡುಗಿ, ಹುಲಿಯ ಮರಿ ಎಂದರು. ಆಮ್ರಪಾಲಿ ನಗಲಿಲ್ಲ. ಮನೆಗೆ ಬಂದು ಮಗುವಿನ ಬೆನ್ನ ಹಿಂದೆ ತಾಟು ಬಡಿದಳು, ಚಪ್ಪಾಳೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು. ಮಯೂರಿ ಗೊಂಬೆಯ ಕಾಲು ತಿರುವುತ್ತ ಕುಳಿತೇ ಇದ್ದಳು.

ಕಲಬುರಗಿಯ ಡಾಕ್ಟರು ಕಿವಿ ಪೂರ್ತಿ ಇಲ್ಲವೆಂದಲ್ಲ, ಆದರೆ ಮಾತು ಕೇಳುವಷ್ಟು ಇಲ್ಲ ಎಂದರು. ಎರಡೂ ಕಿವಿಗೆ ಯಂತ್ರ ಬಂತು. ಯಂತ್ರ ಹಾಕಿದರೆ ಸದ್ದು ಕೇಳುತ್ತದೆ, ಆದರೆ ಸದ್ದು ಮಾತಾಗಲು ಕಲಿಸಬೇಕು, ಶಾಲೆಯ ವಯಸ್ಸು ಬರುವ ಮೊದಲೇ ಕಲಿಸಬೇಕು, ತಡ ಮಾಡಬೇಡಿ ಎಂದೂ ಹೇಳಿದರು. ತಡ ಮಾಡಬೇಡಿ ಎಂಬ ಆ ಮಾತು ಆಮ್ರಪಾಲಿಯ ತಲೆಯಲ್ಲಿ ಅಂದಿನಿಂದ ಕುಳಿತುಬಿಟ್ಟಿತ್ತು. ಎಲ್ಲಿ ಕಲಿಸುವುದು, ಹೇಗೆ ಕಲಿಸುವುದು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

ಸಂಘರತ್ನ ಬಂಗ್ಲಾ ಕ್ರಾಸಿನ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ದುಡಿಯುತ್ತಿದ್ದ. ಮನೆಯ ಹತ್ತಿರದ ಇಂಗ್ಲಿಷ್ ನರ್ಸರಿಗೇ ಹಾಕೋಣ ಎಂಬುದು ಅವನ ವಾದ. ಕೂದಲು ಇಳಿಬಿಟ್ಟರೆ ಯಂತ್ರ ಕಾಣುವುದಿಲ್ಲ, ನಾಲ್ಕು ಮಕ್ಕಳ ನಡುವೆ ತಾನೇ ಕಲಿಯುತ್ತಾಳೆ ಎನ್ನುತ್ತಿದ್ದ. ಆ ನರ್ಸರಿಯ ಬಾಯಿಪಾಠದ ಗದ್ದಲವನ್ನು ಆಮ್ರಪಾಲಿ ಕಾಂಪೌಂಡಿನ ಹೊರಗೆ ನಿಂತು ಕೇಳಿ ಬಂದಿದ್ದಳು. ಕಿವಿ ಸರಿ ಇದ್ದ ಅವಳಿಗೇ ಒಂದು ಅಕ್ಷರವೂ ತಿಳಿದಿರಲಿಲ್ಲ.

ಆಗ ಯಾರೋ ಹುಮನಾಬಾದಿನ ಕೇಂದ್ರದ ಹೆಸರು ಹೇಳಿದರು. ಬಸ್ ನಿಲ್ದಾಣದ ಹಿಂದೆ ಒಂದು ಮಹಡಿಯ ಮೇಲೆ, ಯಂತ್ರ ಹಾಕಿದ ಚಿಕ್ಕ ಮಕ್ಕಳಿಗೆ ಕೇಳಿಸಿಕೊಂಡು ಮಾತಾಡುವುದನ್ನು ಕಲಿಸುವ ಜಾಗ. ಮಕ್ಕಳ ಪಕ್ಕದಲ್ಲಿ ತಾಯಂದಿರೂ ಕೂರಬೇಕು. ಪಾಠದ ಹೊತ್ತಿನಲ್ಲಿ ಕೈಸನ್ನೆ ಇಲ್ಲ. ಆಮ್ರಪಾಲಿ ಹೋಗಿ ನೋಡಿದ ದಿನ ಅಲ್ಲಿ ಕಲಿಸುವ ತಹಸೀನ್ ಮೇಡಂ ತುಟಿ ಕಾಣದಂತೆ ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದಳು. ಮಕ್ಕಳು ಬರೀ ಕಿವಿಯಿಂದ ಕೇಳಿ ಚೆಂಡು ತಂದು ಕೊಡುತ್ತಿದ್ದರು, ಬಾಗಿಲು ತೋರಿಸುತ್ತಿದ್ದರು. ಒಬ್ಬ ಹುಡುಗ ಗಂಟಲಲ್ಲಿ ಕಲ್ಲು ಉರುಳಿಸಿದಂತಹ ದನಿಯಲ್ಲಿ ಅವ್ವಾ ಎಂದ. ಅದನ್ನು ಕೇಳಿ ಆಮ್ರಪಾಲಿಯ ಕಣ್ಣು ತುಂಬಿತು. ಇಲ್ಲಿಗೇ ಎಂದು ಅವತ್ತೇ ಮನಸ್ಸು ಗಟ್ಟಿ ಮಾಡಿದಳು.

ಮೇಡಂ ಅಂದು ಹತ್ತಾರು ಪ್ರಶ್ನೆ ಕೇಳಿದಳು. ಅವುಗಳಲ್ಲಿ ಒಂದು, ಮನೆಯಲ್ಲಿ ಯಾವ ಭಾಷೆ ಎಂಬುದು.

"ಕನ್ನಡ ರಿ" ಎಂದಳು ಆಮ್ರಪಾಲಿ. ಯೋಚಿಸದೆ, ಥಟ್ಟನೆ.

ಅದು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಗಡಿಯ ಈ ಊರುಗಳಲ್ಲಿ ಮೇಜಿನ ಆಚೆ ಕುಳಿತವರು ಭಾಷೆ ಯಾವುದು ಎಂದು ಕೇಳಿದರೆ ಎಲ್ಲರ ಬಾಯಿಂದಲೂ ಬರುವ ಉತ್ತರ ಅದೇ. ರೇಷನ್ ಕಾರ್ಡಿಗೂ ಅದೇ, ಶಾಲೆಯ ದಾಖಲೆಗೂ ಅದೇ. ಅವಳ ತವರು ಘಾಟಬೋರಾಳ. ಅಲ್ಲಿ ಕನ್ನಡವೇ ಮಾತು, ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎ. ಓದಿದ್ದೂ ಕನ್ನಡವೇ. ಆದರೆ ಮದುವೆಯಾಗಿ ಬಂದ ಮನೆಯಲ್ಲಿ ಒಲೆಯ ಮುಂದೆ ಮರಾಠಿ. ಸೋನುಬಾಯಿ ಗಡಿಯಾಚೆಯ ಉಮರ್ಗಾ ಕಡೆಯವಳು, ಇಷ್ಟು ವರ್ಷವಾದರೂ ಅವಳ ಕನ್ನಡ ಬರ್ರಿ, ಕೂಡ್ರಿ, ಸಾಕ್ರಿ ಎಂಬಲ್ಲಿಗೇ ನಿಂತಿತ್ತು. ಗಂಡ ತಾಯಿಯ ಜೊತೆ ಮರಾಠಿ, ಹೆಂಡತಿಯ ಜೊತೆ ಅರ್ಧ ಅದು ಅರ್ಧ ಇದು, ಗಿರಾಕಿಗಳ ಜೊತೆ ದಖನಿ ಉರ್ದು. ಓಣಿಯ ಮಕ್ಕಳು ಆಟದಲ್ಲಿ ಬೈದಾಡುವುದೂ ದಖನಿಯಲ್ಲೇ. ಕಿವಿ ಸರಿ ಇದ್ದವರಿಗೆ ಇದೆಲ್ಲ ಒಂದೇ ಕೊಡದ ನೀರು. ಎಲ್ಲಿ ಯಾವುದು ಮುಗಿಯಿತು, ಯಾವುದು ಶುರುವಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಮೇಡಂ ಕೇಳಿದಳು. ಈ ಮಕ್ಕಳಿಗೆ ಮೊದಲು ಒಂದೇ ಭಾಷೆ ಗಟ್ಟಿಯಾಗಲಿ, ಸದ್ದಿನ ಸಂತೆಯಲ್ಲಿ ಬಿಟ್ಟರೆ ಕೈತಪ್ಪುತ್ತಾರೆ, ಮನೆಯವರೆಲ್ಲ ಆ ಒಂದರಲ್ಲೇ ಮಾತಾಡಿ ಎಂದಳು.

ಆಮ್ರಪಾಲಿ ಮನೆಗೆ ಬಂದು ಅದನ್ನೇ ಕಾನೂನು ಮಾಡಿದಳು. ಇನ್ನು ಮೇಲೆ ಮಗುವಿನ ಮುಂದೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ತಾನೂ ಘಾಟಬೋರಾಳದ ಕನ್ನಡ ಬಿಟ್ಟು, ಪುಸ್ತಕದಲ್ಲಿದ್ದಂತೆ ಬಿಡಿಬಿಡಿಯಾಗಿ, ಇದು ಚೆಂಡು, ಇದು ಕೆಂಪು ಚೆಂಡು ಎನ್ನತೊಡಗಿದಳು. ಸಂಘರತ್ನ ಮೊದಲ ದಿನ ನಕ್ಕ. "ಇದು ಮನಿ ಅದಾ, ತಹಸೀಲ್ ಆಫೀಸ್ ಅದಾ? ಉಣ್ಣಾಕ ಕೂಡಬೇಕಂದ್ರೂ ಅರ್ಜಿ ಕೊಡಬೇಕೇನು ಬಾಯಿಸಾಹೇಬ್?" ಎಂದು ಕೈಮುಗಿದ. ಆಮೇಲೆ ಮಗಳ ಜೊತೆ ಅವನ ಮಾತೂ ಕಡಿಮೆಯಾಯಿತು. ಸೋನುಬಾಯಿ ಏನೂ ಅನ್ನಲಿಲ್ಲ. ಸೊಸೆ ಓದಿದವಳು, ಡಾಕ್ಟರುಗಳ ಜೊತೆ ಮಾತಾಡುವವಳು. ತನ್ನ ಭಾಷೆ ಮಗುವಿನ ಕಿವಿಗೆ ಕಸ ಎಂದಾದರೆ ಸುಮ್ಮನಿರುವುದೇ ಮೇಲು ಎಂದುಕೊಂಡಳು.

ಎರಡು ತಿಂಗಳು ವಾರಕ್ಕೆರಡು ಸಲ ಹುಮನಾಬಾದಿಗೆ ಹೋಗಿ ಬಂದರು. ಜೂನ್ ಹತ್ತಿರ ಬಂತು. ದಿನದ ತರಗತಿ ಶುರುವಾಗುವುದರಲ್ಲಿತ್ತು. ಒಂದೇ ಜಾಗ ಉಳಿದಿದೆ, ಹುಡಗಿ ಎಂಬ ಊರಿನವರೊಬ್ಬರು ಕೇಳುತ್ತಿದ್ದಾರೆ, ಸೋಮವಾರ ಬಂದು ಹೌದೋ ಅಲ್ಲವೋ ಹೇಳಿಬಿಡಿ ಎಂದಳು ಮೇಡಂ.

ಹೌದು ಎನ್ನುವುದು ಸುಲಭವಿತ್ತು. ಆದರೆ ಆ ಶನಿವಾರ ಆಮ್ರಪಾಲಿ ಇನ್ನೊಂದು ಜಾಗಕ್ಕೆ ಹೋಗಿಬಂದಳು.

ಬಸವಕಲ್ಯಾಣದಲ್ಲೇ, ಅವರ ಮನೆಯಿಂದ ನಾಲ್ಕು ಓಣಿ ಆಚೆ, ನೂರೀನ್ ಎಂಬಾಕೆ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕಿವಿ ಕೇಳದ ಮಕ್ಕಳ ಬಾಲವಾಡಿ ನಡೆಸುತ್ತಿದ್ದಳು. ಕಲಿಸುವವನು ಅವಳ ತಮ್ಮ ಜೀಶಾನ್. ಅವನೇ ಹುಟ್ಟುಕಿವುಡ, ಹೈದರಾಬಾದಿನಲ್ಲಿ ಕೈಭಾಷೆಯ ಶಿಕ್ಷಕನಾಗಿ ತರಬೇತಿ ಪಡೆದವನು. ಅಕ್ಕ ಅವನ ಕೈ ಮಾತನ್ನು ಬಾಯಿ ಮಾತಿಗೆ ತಿರುಗಿಸುತ್ತಿದ್ದಳು. ಬರೀ ನೋಡಿ ಬರೋಣ ಎಂದೇ ಆಮ್ರಪಾಲಿ ಮಗಳನ್ನು ಕರೆದುಕೊಂಡು ಹೋದದ್ದು.

ಅಲ್ಲಿ ಕಂಡದ್ದನ್ನು ಏನೆಂದು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ. ಮಯೂರಿಯ ವಯಸ್ಸಿನ ಒಬ್ಬ ಹುಡುಗಿ ಬಿಸ್ಕತ್ತು ಕದ್ದು, ಸಿಕ್ಕಿಬಿದ್ದು, ಪಕ್ಕದವಳನ್ನು ತೋರಿಸಿ ಎರಡು ಕೈಗಳಿಂದ ಉದ್ದವಾದ ಕಥೆ ಹೇಳಿದಳು. ಪಕ್ಕದವಳು ಕೆರಳಿ ಎದುರುತ್ತರ ಕೊಟ್ಟಳು. ಜೀಶಾನ್ ನ್ಯಾಯಾಧೀಶನಂತೆ ಗಡ್ಡ ನೀವುತ್ತ ಇಬ್ಬರ ವಾದವನ್ನೂ ನೋಡಿ, ಬಿಸ್ಕತ್ತನ್ನು ತಾನೇ ತಿಂದುಬಿಟ್ಟ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಯೂರಿ ಬಾಯಿ ತೆರೆದು ನೋಡುತ್ತಿದ್ದಳು. ಹೊತ್ತು ಕಳೆದಂತೆ ಅವಳ ಬೆರಳುಗಳೂ ಗಾಳಿಯಲ್ಲಿ ಆಡತೊಡಗಿದವು.

ಆಮ್ರಪಾಲಿಗೆ ಹೊಟ್ಟೆಕಿಚ್ಚಾಯಿತು, ಭಯವೂ ಆಯಿತು. ಆ ಹುಡುಗಿಗೆ ಸುಳ್ಳು ಹೇಳಲು ಬರುತ್ತದೆ. ತನ್ನ ಮಗಳಿಗೆ ಸುಳ್ಳು ಹೇಳುವಷ್ಟು ಮಾತಿಲ್ಲ. ಆದರೆ ಕೈ ಕಲಿತರೆ ಬಾಯಿ ಬೀಗ ಹಾಕಿಕೊಂಡರೆ? ಮುಂದೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಗಂಡನ ಮನೆಯಲ್ಲಿ ಇವಳ ಕೈ ಓದುವವರು ಯಾರು? ಆ ಪ್ರಶ್ನೆಯನ್ನು ನಯವಾಗಿ ಕೇಳಿದಳು. ಜೀಶಾನ್ ತುಸು ಹೊತ್ತು ಕೈ ಆಡಿಸಿದ.

"ನನ್ನ ತಮ್ಮ ಹೇಳಾಕತ್ತಾನ," ಎಂದಳು ನೂರೀನ್, "ಹುಮನಾಬಾದ್ ಬ್ಯಾಡ ಅಂತ ನಾ ಅನ್ನಲ್ಲ. ಯಂತ್ರ ತೆಗೀರಿ ಅಂತನೂ ಅನ್ನಲ್ಲ. ಬಜಾರದಾಗ ಈಕಿ ಜೋಡಿ ಯಾರು ಮಾತಾಡ್ತಾರ ಅಂತ ಕೇಳಾಕತ್ತೀರಿ. ಮನ್ಯಾಗ ಯಾರು ಮಾತಾಡ್ತಾರ, ಅದು ಹೇಳ್ರಿ ಮೊದಲ."

ಇಲ್ಲಿ ಸೇರಿಸಿದರೆ ಸಂಜೆ ಮನೆಯವರೆಲ್ಲ ಬಂದು ಕೈಭಾಷೆ ಕಲಿಯಬೇಕು, ಅದೊಂದೇ ತಮ್ಮ ಷರತ್ತು ಎಂದೂ ಅವಳು ಹೇಳಿದಳು. ಆಮ್ರಪಾಲಿ ಮಗಳನ್ನು ಎತ್ತಿಕೊಂಡು ಎದ್ದು ಬಂದಳು.

ಭಾನುವಾರವಿಡೀ ಮನೆಯಲ್ಲಿ ಅದೇ ಚರ್ಚೆ. ಎತ್ತು ಏರಿಗೆ, ಕೋಣ ನೀರಿಗೆ. ಸಂಘರತ್ನ ಮತ್ತೆ ನರ್ಸರಿಯ ಮಾತೆತ್ತಿದ. ಫೋನಿನಲ್ಲಿ ಘಾಟಬೋರಾಳದ ತಾಯಿ, ಕೈ ಆಡಿಸಿದರೆ ಜನ ಮೂಕಿ ಅಂತಾರೆ, ಹುಮನಾಬಾದೇ ಸರಿ ಎಂದರು. ಕೇಂದ್ರದಲ್ಲಿ ಪರಿಚಯವಾದ ಇನ್ನೊಬ್ಬ ತಾಯಿ, ಎರಡು ವರ್ಷವಾದರೂ ತನ್ನ ಮಗ ಹತ್ತಿಪ್ಪತ್ತು ಮಾತಿಗೇ ನಿಂತಿದ್ದಾನೆ ಎಂದಳು. ಅದೇ ತಾಯಿ, ಆದರೂ ಬಿಡಬೇಡಿ ಎಂದಳು. ಆಮ್ರಪಾಲಿ ಎಲ್ಲರ ಮಾತನ್ನೂ ಕೇಳಿದಳು. ಎಲ್ಲವೂ ಸರಿ ಎನ್ನಿಸಿತು. ಒಂದು ಸರಿಯಾದರೆ ಇನ್ನೊಂದು ತಪ್ಪಾಗಬೇಕಲ್ಲ ಎಂದು ಕೂಡಿ ಕಳೆದು ನೋಡಿದಳು, ಹೊಂದಲಿಲ್ಲ. ತಪ್ಪು ಆರಿಸಿದರೆ ತನಗೇನೂ ಆಗುವುದಿಲ್ಲ, ಹೋಗುವುದು ಮಗುವಿನ ಮಾತು.

ಸೋಮವಾರ ಬೆಳಿಗ್ಗೆ ಮಯೂರಿ ಅಜ್ಜಿಯ ಕೊರಳು ಬಿಡಲಿಲ್ಲ. ಬಲವಂತವಾಗಿ ಬಿಡಿಸಲು ಹೋದರೆ ಯಂತ್ರ ಕಿತ್ತು ಎಸೆದಳು. ಕೊನೆಗೆ ಸೋನುಬಾಯಿಯೂ ಬಸ್ಸು ಹತ್ತಿದಳು. ಇಡೀ ದಾರಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿಟಕಿಯ ಹೊರಗೆ ನೋಡುತ್ತ, ತುಟಿ ಬಿಗಿದು ಕುಳಿತಿದ್ದಳು.

ತಹಸೀನ್ ಮೇಡಂ ಮಯೂರಿಯನ್ನು ಚಾಪೆಯ ಮೇಲೆ ಕೂರಿಸಿಕೊಂಡು ಆಟ ಶುರು ಮಾಡಿದಳು. ಡೋಲು ಬಡಿದರೆ ಮಯೂರಿ ತಿರುಗಿದಳು. ಚೆಂಡು ಎಂದರೆ ಚೆಂಡನ್ನು ನೋಡಿದಳು. ಆದರೆ ಏನು ಮಾಡಿದರೂ ಅವಳ ಬಾಯಿಂದ ಸದ್ದು ಹೊರಡಲಿಲ್ಲ. ಮೇಡಂ ರಟ್ಟನ್ನು ಕೆಳಗಿಟ್ಟು ಹುಬ್ಬು ಗಂಟಿಕ್ಕಿದಳು. ಕೇಳುವುದು ಮುಂದೆ ಹೋಗಿದೆ, ದನಿ ಹಿಂದೆ ಹೋಗಿದೆ, ಬಂದ ಹೊಸತರಲ್ಲಿ ಎಷ್ಟೊಂದು ಗುನುಗುತ್ತಿದ್ದಳು, ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದಳು. ಏನೂ ಇಲ್ಲ, ನೀವು ಹೇಳಿದಂತೆಯೇ ನಡೆಯುತ್ತಿದ್ದೇವೆ, ಒಂದು ಮಾತೂ ಆಚೀಚೆ ಇಲ್ಲ ಎಂದಳು ಆಮ್ರಪಾಲಿ.

ಆ ಹೊತ್ತಿಗೆ ಮಯೂರಿ ಅಲ್ಲಿದ್ದ ಬಟ್ಟೆಯ ಗೊಂಬೆಯನ್ನು ಎತ್ತಿಕೊಂಡು ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿಯ ಹತ್ತಿರ ಹೋದಳು. ಗೊಂಬೆಯನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. ಮುಖ ಎತ್ತಿ ನೋಡಿದಳು, ಕಾದಳು. ಸೋನುಬಾಯಿ ಸೊಸೆಯ ಕಡೆ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಯೂರಿ ಎರಡೂ ಕೈಗಳಿಂದ ಆ ಸೆರಗನ್ನು ಹಿಡಿದು ಕೆಳಗೆ ಎಳೆದಳು. ಸೋನುಬಾಯಿ ಮತ್ತೆ ಮುಚ್ಚಿಕೊಂಡಳು. ಮಗು ಮತ್ತೆ ಎಳೆಯಿತು.

"ಅಜ್ಜಿ ಯಾಕ ಮಾತಾಡವಲ್ರು?" ಎಂದಳು ಮೇಡಂ.

"ಅವರಿಗಿ ಕನ್ನಡ ಬರಲ್ರಿ."

"ಹಂಗಾರ ಮನ್ಯಾಗ ಏನ್ ಮಾತಾಡ್ತಾರ?"

"ಮರಾಠಿ ರಿ. ಈಗ ಬಿಡಿಸೀನಿ."

"ಎಷ್ಟು ಮಂದಿದು ಬಿಡಿಸೀರಿ?"

ಆಮ್ರಪಾಲಿ ಮನಸ್ಸಿನಲ್ಲೇ ಎಣಿಸಿದಳು. ಅತ್ತೆಯದು. ಗಂಡನದು ಮುಕ್ಕಾಲು. ಓಣಿಯವರನ್ನಂತೂ ಮಗುವಿನ ಹತ್ತಿರ ಬಿಡುತ್ತಲೇ ಇರಲಿಲ್ಲ. ಉಳಿದದ್ದು ತನ್ನ ಒಬ್ಬಳ ಇದು ಚೆಂಡು, ಇದು ಕೆಂಪು ಚೆಂಡು. ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದವಳಿಗೆ ಅದು ಈಗ ಸಿಕ್ಕಿತು. ಸಿಕ್ಕಿದ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಗೊಂಬೆಯನ್ನು ನೋಡುತ್ತ ಕುಳಿತಳು.

ತಹಸೀನ್ ಹಣೆ ಒತ್ತಿಕೊಂಡಳು. "ಮನಿ ಮಾತು ಯಾವುದು ಅಂತ ಕೇಳಿದ್ನಲ್ಲ ಆಮ್ರಪಾಲಿ. ನಾ ಏನ್ ಸರ್ಕಾರದಾಕಿನ? ನನ್ನ ಮನ್ಯಾಗೂ ದಖನಿನೇ ಮಾತಾಡ್ತೀವಿ. ಒಂದ್ ಭಾಷಾ ಗಟ್ಟಿ ಮಾಡ್ರಿ ಅಂದೆ, ಮನಿಗಿ ಕೀಲಿ ಹಾಕ್ರಿ ಅಂದಿಲ್ಲ." ಆಮೇಲೆ ದನಿ ತಗ್ಗಿಸಿ, ತಾನೂ ಎರಡನೆಯ ಸಲ ಕೇಳಬೇಕಿತ್ತು ಎಂದಳು.

ಆಮ್ರಪಾಲಿ ಅತ್ತೆಗೆ ಮರಾಠಿಯಲ್ಲಿ, ಮಾತಾಡಿ ಎಂದಳು. ಸೋನುಬಾಯಿ ನಂಬಲಿಲ್ಲ. ಮೇಡಂ ಕಡೆ ನೋಡಿದಳು, ಮೇಡಂ ತಲೆಯಾಡಿಸಿದಳು. ಆಗ ಸೋನುಬಾಯಿ ಗೊಂಬೆಯ ಮೈ ತಟ್ಟುತ್ತ, "ಝೋಪ ಗಂ ಬಾಯೀ, ಝೋಪ" ಎಂದು ಮಲಗಿಸತೊಡಗಿದಳು. ಮಯೂರಿ ಅವಳ ಕೊರಳಿಗೆ ಅಂಗೈ ಒತ್ತಿ ನಿಂತಳು. ಅವಳ ಮೂಗಿನಿಂದ ಸಣ್ಣದೊಂದು ಗುಂಯ್‌ಗುಡುವ ಸದ್ದು ಹೊರಟಿತು. ಅದು ಮಾತಲ್ಲ, ಮಾತಿನ ಹತ್ತಿರದ್ದೂ ಅಲ್ಲ. ಜೊತೆಗೇ ಅವಳು ಇನ್ನೊಂದು ಕೈಯನ್ನು ಕೆನ್ನೆಯ ಕೆಳಗಿಟ್ಟು ಕಣ್ಣು ಮುಚ್ಚಿದಳು. ಅದು ಶನಿವಾರ ಜೀಶಾನನ ಕೋಣೆಯಲ್ಲಿ ಕಂಡ ಕೈಮಾತು.

ಮೇಡಂ ಅದನ್ನು ಗಮನಿಸಿದಳು. ಇದು ಎಲ್ಲಿಯದು ಎಂದು ಕೇಳಿದಳು. ಆಮ್ರಪಾಲಿ ಮುಚ್ಚಿಡದೆ ಹೇಳಿದಳು.

ತಹಸೀನ್ ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ತಾನು ಕಲಿತದ್ದು ಹೀಗೆ, ಕೈ ಸಿಕ್ಕರೆ ಮಕ್ಕಳು ಕಿವಿಗೆ ಕಷ್ಟ ಕೊಡುವುದಿಲ್ಲ ಎಂದು ತನಗೆ ಕಲಿಸಿದ್ದಾರೆ, ಈಗ ಕೆಲವರು ಹಾಗಲ್ಲ ಎನ್ನುತ್ತಾರೆ, ಇರಬಹುದು ಎಂದಳು. ಆದರೆ ದಿನದ ತರಗತಿ ಕನ್ನಡದ್ದು, ಬಾಯಿ ಮಾತಿನದು, ಒಂದು ಮಗುವಿಗಾಗಿ ಬದಲಿಸಲು ತನ್ನಿಂದ ಆಗದು.

"ಅರ್ಧ ಮನಸ್ಸಿನಿಂದ ಬರಬ್ಯಾಡ್ರಿ. ಬರೂದಾದ್ರ ಪೂರಾ ಮನಸ್ಸಿನಿಂದ ಬರ್ರಿ."

"ಪೂರಾ ಮನಸ್ಸು ಎಲ್ಲಿಂದ ತರ್ಲಿ ಮೇಡಂ?" ಎಂದಳು ಆಮ್ರಪಾಲಿ.

ಅವಳು ಚಾಪೆಯ ಕಡೆ ನೋಡಿದಳು. ದಿನಾ ಇಲ್ಲಿಗೆ ಬಂದರೆ ಬರುವವರು ತಾನು ಮತ್ತು ಮಗಳು, ಇಬ್ಬರೇ. ಅತ್ತೆ ಮನೆಯಲ್ಲಿ, ಗಂಡ ಅಂಗಡಿಯಲ್ಲಿ. ಮಗು ಕನ್ನಡದ ಮಾತೊಂದನ್ನು ಕಲಿತು ಮನೆಗೆ ಒಯ್ದರೆ ಅದನ್ನು ಎತ್ತಿಕೊಳ್ಳುವವರು ಯಾರು? ಆ ಇನ್ನೊಂದು ಕಡೆ, ಜೀಶಾನನ ಕೋಣೆಯಲ್ಲಿ, ತಮ್ಮ ಮನೆಯವರಲ್ಲಿ ಯಾರಿಗೂ ಏನೂ ಬರುವುದಿಲ್ಲ. ಅತ್ತೆಗೂ ಬರುವುದಿಲ್ಲ, ಬಿ.ಎ. ಓದಿದ ತನಗೂ ಬರುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಕಲಿಯಬೇಕು. ಇದು ಸರಿಯಾದ ಕಾರಣವೋ, ಬರೀ ತನ್ನ ತಪ್ಪಿನ ಉರಿಗೆ ಹಚ್ಚಿಕೊಳ್ಳುತ್ತಿರುವ ಮುಲಾಮೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವವರೆಗೆ ಕಾಯುವಷ್ಟು ಹೊತ್ತು ಇರಲಿಲ್ಲ.

"ಆ ಜಾಗ ಹುಡಗಿ ಊರವರಿಗಿ ಕೊಡ್ರಿ," ಎಂದಳು. "ದಿನಾ ಅಲ್ಲಿ ಜೀಶಾನ್ ಹತ್ರ ಕಳಸ್ತೀನಿ. ವಾರಕ್ಕೊಮ್ಮೆ ಕಿವಿ ಪಾಠಕ್ಕ ನಿಮ್ಮ ಹತ್ರ ಬರ್ತೀವಿ. ಬ್ಯಾಡ ಅನ್ನಬ್ಯಾಡ್ರಿ."

ತಹಸೀನ್ ಚಾಪೆಯ ಮೇಲಿನ ಚೆಂಡು, ಡೋಲು ಎತ್ತಿಟ್ಟಳು. "ನೀವು ತಪ್ಪು ಮಾಡಾಕತ್ತೀರಿ ಅಂತ ನನಗ ಅನಸ್ತದ. ಖರೇ ಏನಂತ ನನಗೂ ಗೊತ್ತಿಲ್ಲ. ಗುರುವಾರ ಮಧ್ಯಾಹ್ನ ಬರ್ರಿ, ಅಜ್ಜಿನೂ ಕರಕೊಂಡು ಬರ್ರಿ," ಎಂದು ಎದ್ದಳು.

ಮರಳುವ ಬಸ್ಸಿನಲ್ಲಿ ಸೋನುಬಾಯಿಯ ಬಾಯಿಗೆ ಬಿಡುವಿರಲಿಲ್ಲ. ಇಷ್ಟು ವಾರ ಕಟ್ಟಿಟ್ಟದ್ದೆಲ್ಲ ಒಡೆದು ಹರಿಯಿತು. ಪೆಟ್ರೋಲ್ ಪಂಪು, ತೊಗರಿಯ ಹೊಲ, ಎದುರು ಸೀಟಿನವನ ದೊಡ್ಡ ಮೀಸೆ, ಕಂಡದ್ದನ್ನೆಲ್ಲ ಮೊಮ್ಮಗಳ ಯಂತ್ರಕ್ಕೆ ಬಾಯಿಟ್ಟು ಹೇಳುತ್ತಿದ್ದಳು. ಮೀಸೆಯವನು ಒಮ್ಮೆ ತಿರುಗಿ ನೋಡಿ ಮೀಸೆ ಸರಿ ಮಾಡಿಕೊಂಡ. ಮಯೂರಿಗೆ ಎಷ್ಟು ಕೇಳುತ್ತಿತ್ತೋ, ಅವಳ ಕಣ್ಣು ಮಾತ್ರ ಅಜ್ಜಿಯ ಮುಖ ಬಿಟ್ಟು ಕದಲಲಿಲ್ಲ.

ಸಂಘರತ್ನನ ಫೋನು ಬಂತು. ಆಮ್ರಪಾಲಿ ನಡೆದದ್ದನ್ನು ಹೇಳಿದಳು. ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು.

"ಹಂಗಾರ ಪೋರಿ ಮಾತಾಡ್ತಾಳಿಲ್ಲೋ?" ಎಂದ ಅವನು.

"ಗೊತ್ತಿಲ್ರಿ."

"ಸಂಜಿಗಿ ನಾನೂ ಬರಬೇಕಾ ಆ ಕ್ಲಾಸಿಗಿ?"

"ಎಲ್ಲಾರೂ ಬರಬೇಕಂತ."

"ನನ್ನ ಕೈ ನೋಡೀಯಿಲ್ಲ, ಬರೀ ಗ್ರೀಸ್."

"ತೊಳಕೊಂಡು ಬರ್ರಿ."

ಅವಳು ಫೋನು ಇಟ್ಟಳು. ಹುಡಗಿ ಊರಿನ ಆ ಮಗು ಜೂನಿನಿಂದ ಆ ಚಾಪೆಯ ಮೇಲೆ ಕೂರುತ್ತದೆ, ಅವ್ವಾ ಎನ್ನಲು ಕಲಿಯುತ್ತದೆ ಎಂದು ನೆನೆದು ಮಗಳ ಕಿವಿಯ ಯಂತ್ರವನ್ನು ಸರಿಯಾಗಿ ಒತ್ತಿ ಕೂರಿಸಿದಳು. ಬಸ್ಸು ರಾಜೇಶ್ವರ ಊರನ್ನು ದಾಟುತ್ತಿತ್ತು. ಸೋನುಬಾಯಿ ಸೊಸೆಯ ಮೊಣಕೈ ತಿವಿದು, ರಸ್ತೆಯ ಬದಿಯಲ್ಲಿ ನಿಂತ ಎಮ್ಮೆಯನ್ನು ತೋರಿಸಿ, ಇದಕ್ಕೆ ಕೈಯಲ್ಲಿ ಹೇಗೆ ಹೇಳುವುದು ಎಂದು ಮರಾಠಿಯಲ್ಲಿ ಕೇಳಿದಳು. ತನಗೂ ಗೊತ್ತಿಲ್ಲ, ನಾಳೆ ಕೇಳೋಣ ಎಂದಳು ಆಮ್ರಪಾಲಿ. ಮಯೂರಿ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಇಬ್ಬರ ಕೈಗಳನ್ನೂ ನೋಡಿದಳು. ಅಷ್ಟರಲ್ಲಿ ಎಮ್ಮೆ ಹಿಂದೆ ಉಳಿದಿತ್ತು.